ಬಾನ್ಸುರಿಯಲ್ಲಿ ಶುದ್ಧ ಮಧ್ಯಮ ನಿಲ್ಲುತ್ತಿಲ್ಲ: ಅರ್ಧ ರಂಧ್ರದ ಅಭ್ಯಾಸ ಹೇಗೆ, ಉದ್ದದ ಕೊಳಲಿಗೆ ಯಾವಾಗ?

ಪ್ರಶ್ನೆ: ಕಲಿಕಾರ್ಥಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹಿಂದೂಸ್ತಾನಿ ಪದ್ಧತಿಯಲ್ಲಿ ಬಾನ್ಸುರಿ ಕಲಿಯುತ್ತಿದ್ದೇನೆ. ನೌಕರಿಗೆ ಸೇರಿ ಬಹಳ ಕಾಲವಾದ ಮೇಲೆ ಕಲಿಕೆ ಆರಂಭಿಸಿದವನು. ನನ್ನ ಬಳಿ ಇರುವುದು ಆರು ರಂಧ್ರಗಳ, ಐದು ಮನೆಯ, ಅಂದರೆ ಜಿ ಶ್ರುತಿಯ ಕೊಳಲು. ಭೂಪ ಮತ್ತು ಯಮನ್ ರಾಗಗಳ ಪಲ್ಟೆಗಳು (ಸ್ವರಗಳನ್ನು ಬೇರೆ ಬೇರೆ ಕ್ರಮದಲ್ಲಿ ನುಡಿಸುವ ಅಭ್ಯಾಸಗಳು) ಮಧ್ಯಲಯದಲ್ಲಿ ಕೈಗೆ ಕೂತಿವೆ. ಗುರುಗಳು ಈಗ ಬಿಲಾವಲ್ ಥಾಟಿನ (ರಾಗಗಳನ್ನು ವಿಂಗಡಿಸುವ ಸ್ವರಸಮೂಹಕ್ಕೆ ಥಾಟು ಎನ್ನುತ್ತಾರೆ) ಪಲ್ಟೆಗಳನ್ನು ಕೊಟ್ಟಿದ್ದಾರೆ. ಮುಂದೆ ದುರ್ಗಾ, ಅನಂತರ ಭೈರವ ಎಂದಿದ್ದಾರೆ. ಅವರ ಪಾಠ ತಿಂಗಳಿಗೊಮ್ಮೆ ಮಾತ್ರ ಸಿಗುವುದರಿಂದ ನಡುವೆ ಏಳುವ ಸಂದೇಹಗಳನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ.

ನನ್ನ ಮುಖ್ಯ ತೊಂದರೆ ಶುದ್ಧ ಮಧ್ಯಮದ್ದು. ಮೊದಲ ರಂಧ್ರವನ್ನು ಅರ್ಧ ತೆರೆದು ಅದನ್ನು ನುಡಿಸಬೇಕೆಂಬುದು ತಿಳಿದಿದೆ, ಆದರೆ ಒಮ್ಮೆ ಅದು ಗಂಧಾರದತ್ತ ಜಾರುತ್ತದೆ, ಇನ್ನೊಮ್ಮೆ ಅರ್ಧ ಸ್ವರ ಮೇಲಿನ ತೀವ್ರ ಮಧ್ಯಮಕ್ಕೆ ಏರಿಬಿಡುತ್ತದೆ. ಒಂದು ವೇಳೆ ಸರಿಯಾಗಿ ಬಂದರೂ ಅಲ್ಲಿಂದ ಪಂಚಮಕ್ಕೆ ಹೋಗುವಾಗ ಆರೂ ಬೆರಳುಗಳು ಒಟ್ಟಿಗೆ ಬೀಳದೆ ನಡುವೆ ಕೀರಲು ಧ್ವನಿಯೊಂದು ಹೊರಡುತ್ತದೆ. ಯಮನ್ ನುಡಿಸುವಾಗ ಈ ತೊಂದರೆ ಇಷ್ಟು ಕಾಣಿಸಿರಲಿಲ್ಲ.

ಇದರ ಜೊತೆಗೆ ಇನ್ನೆರಡು ಸಂದೇಹಗಳಿವೆ. ಅಂತರ್ಜಾಲದಲ್ಲಿ ಸಿಗುವ ಬೆರಳಿನ ನಕ್ಷೆಗಳಲ್ಲಿ ಕೆಲವು ಷಡ್ಜಕ್ಕೆ ಮೂರು ರಂಧ್ರ ಮುಚ್ಚಬೇಕೆನ್ನುತ್ತವೆ, ಕೆಲವು ಎರಡೇ ಸಾಕೆನ್ನುತ್ತವೆ, ಯಾವುದನ್ನು ನಂಬಬೇಕು? ಹಾಗೆಯೇ, ಕಛೇರಿಗಳಲ್ಲಿ ಕಾಣುವ ಉದ್ದನೆಯ ಇ ಶ್ರುತಿಯ ಕೊಳಲಿಗೆ ಯಾವ ಹಂತದಲ್ಲಿ ಹೋಗುವುದು ಉಚಿತ? ಬೇಗ ಹೋದರೆ ಕೈ ಹೊಂದಿಕೊಳ್ಳುತ್ತದೆಂದು ಸಹಪಾಠಿಯೊಬ್ಬರು ಹೇಳುತ್ತಾರೆ, ಆದರೆ ನನ್ನ ಬೆರಳುಗಳು ಗಿಡ್ಡ.

ಉತ್ತರ: ಮಂದ್ರಪಂಚಮ, ಧಾರವಾಡ

ನಕ್ಷೆಯ ಗೊಂದಲವನ್ನು ಮೊದಲು ಬಗೆಹರಿಸೋಣ, ಏಕೆಂದರೆ ಉಳಿದ ಉತ್ತರಗಳೆಲ್ಲ ಅದರ ಮೇಲೆಯೇ ನಿಂತಿವೆ. ಎರಡು ರಂಧ್ರ ಮುಚ್ಚಿ ಷಡ್ಜ ಹಿಡಿಯುವುದು ಕರ್ನಾಟಕ ಸಂಗೀತದ ಎಂಟು ರಂಧ್ರಗಳ ವೇಣುವಿನ ಕ್ರಮ. ಮೂರು ಮುಚ್ಚುವುದು ನಮ್ಮ ಬಾನ್ಸುರಿಯ ಕ್ರಮ. ಎರಡೂ ಸರಿ, ಆದರೆ ಒಂದರ ನಕ್ಷೆಯನ್ನು ಇನ್ನೊಂದರ ಮೇಲೆ ಬಳಸಲಾಗದು. ನಿಮ್ಮ ಕೊಳಲಿನಲ್ಲಿ ಬಾಯಿಯ ಬಳಿಯ ರಂಧ್ರವನ್ನು ಒಂದನೆಯದೆಂದು ಎಣಿಸಿ. ಆರನ್ನೂ ಮುಚ್ಚಿದರೆ ಪಂಚಮ, ಆರನೆಯದನ್ನು ತೆರೆದರೆ ಧೈವತ, ಐದನೆಯದನ್ನೂ ತೆರೆದರೆ ನಿಷಾದ, ನಾಲ್ಕನೆಯದನ್ನೂ ತೆರೆದರೆ ಷಡ್ಜ, ಅನಂತರ ಕ್ರಮವಾಗಿ ರಿಷಭ, ಗಂಧಾರ, ಕೊನೆಗೆ ಎಲ್ಲವೂ ತೆರೆದಾಗ ತೀವ್ರ ಮಧ್ಯಮ. ಇದು ಪೂರ್ತಿಯಾಗಿ ಕಲ್ಯಾಣ ಥಾಟಿನ ಸ್ವರಸಮೂಹ ಎಂಬುದನ್ನು ಗಮನಿಸಿ. ಬಿಲಾವಲ್ ಶುದ್ಧ ಸ್ವರಗಳ ಥಾಟು ಎಂದು ಪುಸ್ತಕಗಳು ಹೇಳುತ್ತವೆ, ಆದರೆ ಬಿದಿರಿಗೆ ಸಹಜವಾದದ್ದು ಕಲ್ಯಾಣ. ಯಮನ್ ನಿಮ್ಮ ಕೈಗೆ ಸಲೀಸಾಗಿ ಬಂದುದಕ್ಕೂ ಬಿಲಾವಲ್ ತಡವರಿಸುತ್ತಿರುವುದಕ್ಕೂ ಕಾರಣ ಇಷ್ಟೇ, ನಿಮ್ಮ ಸಾಮರ್ಥ್ಯ ಕುಗ್ಗಿದೆಯೆಂದಲ್ಲ.

ಉಳಿದ ಐದು ಸ್ವರಗಳಿಗೆ, ಅಂದರೆ ಶುದ್ಧ ಮಧ್ಯಮಕ್ಕೂ ಅರ್ಧ ಸ್ವರ ಇಳಿದ ನಾಲ್ಕು ಕೋಮಲ ಸ್ವರಗಳಿಗೂ, ಐದು ಅರ್ಧ ರಂಧ್ರಗಳು ಬೇಕಾಗುತ್ತವೆ, ಮತ್ತು ಅವು ಯಾವ ಬೆರಳಿಗೆ ಬೀಳುತ್ತವೆ ಎಂಬುದನ್ನು ಅರಿತರೆ ಅಭ್ಯಾಸದ ಅರ್ಧ ಶ್ರಮ ತಪ್ಪುತ್ತದೆ. ಶುದ್ಧ ಮಧ್ಯಮ ಎಡಗೈಯ ತೋರುಬೆರಳಿನದು. ಕೋಮಲ ಗಂಧಾರ ಎಡಗೈಯ ಮಧ್ಯದ ಬೆರಳಿನದು, ಕೋಮಲ ನಿಷಾದ ಬಲಗೈಯ ಮಧ್ಯದ ಬೆರಳಿನದು. ಕೋಮಲ ರಿಷಭ ಮತ್ತು ಕೋಮಲ ಧೈವತಗಳು ಎರಡೂ ಕೈಗಳ ಉಂಗುರ ಬೆರಳುಗಳ ಪಾಲಿಗೆ ಬರುತ್ತವೆ. ಆ ಬೆರಳುಗಳೋ ಸ್ವತಂತ್ರವಾಗಿ ಏಳಲು ಒಲ್ಲದವು. ಭೈರವ ಕೊಳಲಿನ ವಿದ್ಯಾರ್ಥಿಗೆ ಕಠಿಣವಾಗುವುದು ಇದರಿಂದಲೇ. ಬಲಗೈಯ ತೋರುಬೆರಳಿಗೆ ಮಾತ್ರ ಅರ್ಧ ತೆರೆಯುವ ಕೆಲಸವಿಲ್ಲ, ಏಕೆಂದರೆ ನಾಲ್ಕನೆಯ ರಂಧ್ರ ತೆರೆದಾಗ ನಿಷಾದದಿಂದ ಷಡ್ಜಕ್ಕೆ ಆಗುವ ಏರಿಕೆ ಅರ್ಧ ಸ್ವರದ್ದೇ ಆಗಿದ್ದು, ನಡುವೆ ಬೇರೊಂದು ಸ್ವರಕ್ಕೆ ಜಾಗವಿಲ್ಲ.

ಈ ದೃಷ್ಟಿಯಿಂದ ಥಾಟುಗಳನ್ನು ಜೋಡಿಸಿ ನೋಡಿದರೆ ಒಂದು ಏಣಿ ತಾನಾಗಿಯೇ ಕಾಣುತ್ತದೆ. ಕಲ್ಯಾಣದಲ್ಲಿ ಅರ್ಧ ರಂಧ್ರವೇ ಇಲ್ಲ, ಬಿಲಾವಲಿನಲ್ಲಿ ಒಂದು, ಖಮಾಜಿನಲ್ಲಿ ಎರಡು, ಕಾಫಿಯಲ್ಲಿ ಮೂರು, ಅಸಾವರಿಯಲ್ಲಿ ನಾಲ್ಕು, ಭೈರವಿಯಲ್ಲಿ ಐದೂ ಬರುತ್ತವೆ. ಮಾರ್ವಾ, ಪೂರ್ವಿ, ತೋಡಿಗಳು ತೀವ್ರ ಮಧ್ಯಮವನ್ನು ಉಳಿಸಿಕೊಂಡು ಕ್ರಮವಾಗಿ ಒಂದು, ಎರಡು, ಮೂರು ಅರ್ಧ ರಂಧ್ರಗಳನ್ನು ಕೇಳುತ್ತವೆ. ಭೈರವಕ್ಕೂ ಮೂರು ಬೇಕು. ರಾಗದ ಗಾಂಭೀರ್ಯವನ್ನು ಹೀಗೆ ಎಣಿಸಿ ಅಳೆಯಲಾಗದು, ನಿಜ. ಮಾರ್ವಾದಲ್ಲಿ ಒಂದೇ ಅರ್ಧ ರಂಧ್ರವಿದೆಯೆಂದು ಆರಂಭಿಕರು ಅದಕ್ಕೆ ಕೈ ಹಾಕಿದರೆ ನಿರಾಶೆಯೇ ಗತಿ. ಆದರೆ ಬೆರಳಿನ ತಯಾರಿಗೆ ಈ ಕ್ರಮ ಪ್ರಯೋಜನಕಾರಿ, ಮತ್ತು ನಿಮ್ಮ ಗುರುಗಳು ಭೂಪ, ಯಮನ್, ಬಿಲಾವಲ್, ದುರ್ಗಾ ಎಂದು ಹಾಕಿಕೊಟ್ಟ ದಾರಿಯೂ ಇದೇ ಆಗಿದೆ. ದುರ್ಗಾ ರಾಗದಲ್ಲಿ ಗಂಧಾರವೇ ಇಲ್ಲದೆ ರಿಷಭದಿಂದ ನೇರವಾಗಿ ಮಧ್ಯಮಕ್ಕೆ, ಅಲ್ಲಿಂದ ಪಂಚಮಕ್ಕೆ ಹೋಗಬೇಕಾಗುತ್ತದೆ. ನಿಮ್ಮ ತೊಂದರೆಗೆ ಮದ್ದಾಗಲೆಂದೇ ಅದನ್ನು ಆರಿಸಿದ್ದಾರೆಂದು ನನ್ನ ಊಹೆ.

ಈಗ ಮಧ್ಯಮದ ವಿಷಯ. 'ಅರ್ಧ' ಎಂಬುದನ್ನು ಅಳತೆಯಾಗಿ ತೆಗೆದುಕೊಳ್ಳಬೇಡಿ. ಎಷ್ಟು ತೆರೆದರೆ ಸ್ವರ ನಿಲ್ಲುತ್ತದೆ ಎಂಬುದು ರಂಧ್ರದ ಗಾತ್ರ, ಬಿದಿರಿನ ದಪ್ಪ, ಉಸಿರಿನ ಒತ್ತಡ ಇವೆಲ್ಲವನ್ನೂ ಅವಲಂಬಿಸಿರುತ್ತದೆ, ಅದೇ ಕೊಳಲಿನಲ್ಲಿಯೂ ತಾರ (ಮೇಲಿನ) ಸಪ್ತಕದ ಮಧ್ಯಮಕ್ಕೆ ಬೇಕಾದ ತೆರವು ಮಧ್ಯ ಸಪ್ತಕದ್ದಕ್ಕಿಂತ ಕೊಂಚ ಬೇರೆಯಾಗಬಹುದು. ಕಣ್ಣಿನಿಂದ ಬೆರಳನ್ನು ನೋಡುತ್ತಾ ಅಭ್ಯಾಸ ಮಾಡುವವರಿಗೆ ಇದು ಎಂದಿಗೂ ಕೂಡಿಬರುವುದಿಲ್ಲ. ಬೆರಳನ್ನು ರಂಧ್ರದಿಂದ ಎತ್ತಬೇಡಿ, ಪಕ್ಕಕ್ಕೆ ಎಳೆಯಲೂ ಬೇಡಿ. ಬೆರಳಿನ ಒಂದು ಅಂಚು ಬಿದಿರಿಗೆ ತಾಗಿಯೇ ಇರುವಂತೆ ಅದನ್ನು ಮೆಲ್ಲನೆ ಹೊರಳಿಸಿ. ಅಂಚು ತಾಗಿದ್ದರೆ ಮುಂದಿನ ಸಲ ಎಲ್ಲಿಗೆ ಮರಳಬೇಕೆಂಬುದು ಚರ್ಮಕ್ಕೆ ನೆನಪಿರುತ್ತದೆ, ಗಾಳಿಯಲ್ಲಿ ತೇಲುವ ಬೆರಳಿಗೆ ಆ ನೆನಪು ಸಾಧ್ಯವಿಲ್ಲ.

ತಂಬೂರಿಯ ಆ್ಯಪ್ ಬಳಸುತ್ತಿದ್ದರೆ ಮೊದಲ ತಂತಿಯನ್ನು ಪಂಚಮದ ಬದಲು ಮಧ್ಯಮಕ್ಕೆ ಇಟ್ಟುಕೊಳ್ಳಿ. ಮಾಲಕೌಂಸದಂತಹ ಪಂಚಮವಿಲ್ಲದ ರಾಗಗಳಿಗೆ ಗಾಯಕರು ಹಾಗೆ ಇಟ್ಟುಕೊಳ್ಳುವುದು ರೂಢಿಯೇ ಇದೆ. ಆ ನಾದದ ಮೇಲೆ ಗಂಧಾರದಿಂದ ಆರಂಭಿಸಿ, ಒಂದೇ ಉಸಿರಿನಲ್ಲಿ ತೋರುಬೆರಳನ್ನು ಅತಿ ನಿಧಾನವಾಗಿ ಹೊರಳಿಸುತ್ತಾ ಹೋಗಿ. ಮಧ್ಯಮ ಸಮೀಪಿಸಿದಂತೆ ಎರಡು ನಾದಗಳ ನಡುವೆ ಒಂದು ಅಲುಗಾಟ ಕೇಳಿಸುತ್ತದೆ, ಅದು ನಿಧಾನವಾಗುತ್ತಾ ಬಂದು ಒಂದು ಬಿಂದುವಿನಲ್ಲಿ ನಿಂತುಹೋಗುತ್ತದೆ. ಆ ಬಿಂದುವಿನಲ್ಲಿ ಉಸಿರು ಮುಗಿಯುವವರೆಗೂ ನಿಲ್ಲಿ. ಮರುದಿನ ಇದನ್ನೇ ತೀವ್ರ ಮಧ್ಯಮದಿಂದ ಕೆಳಗಿಳಿಯುತ್ತಾ ಮಾಡಿ. ಇದರಲ್ಲಿ ಬೆರಳು ಕಲಿಯುವುದಕ್ಕಿಂತ ಮೊದಲು ಕಿವಿ ಕಲಿಯುತ್ತದೆ, ಮತ್ತು ಅದೇ ಸರಿಯಾದ ಕ್ರಮವೆಂಬುದು ನನ್ನ ದೃಢವಾದ ಅಭಿಪ್ರಾಯ. ವಾರಕ್ಕೊಂದು ಹೊಸ ಪಲ್ಟೆ ಬರೆದುಕೊಂಡು ವೇಗ ಹೆಚ್ಚಿಸುತ್ತಾ ಹೋದವರ ಮಧ್ಯಮ ವರ್ಷಗಳಾದರೂ ಅಲುಗುತ್ತಲೇ ಇರುವುದನ್ನು ಕೇಳಿದ್ದೇನೆ.

ಉತ್ತರ: ವೇಣುಪ್ರಿಯ, ಮೈಸೂರು

ಮಂದ್ರಪಂಚಮ ಅವರ ವಿವರಣೆ ಉಪಯುಕ್ತವಾಗಿದೆ, ಆದರೆ ಅರ್ಧ ರಂಧ್ರವನ್ನು ಹಿಂದಕ್ಕೆ ತಳ್ಳುವ ಕ್ರಮವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನಾವು ಕರ್ನಾಟಕ ಪದ್ಧತಿಯವರು. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಮಾಯಾಮಾಳವಗೌಳ ರಾಗದ ಸರಳೆ ವರಿಸೆಯಿಂದಲೇ ನಮ್ಮ ಪಾಠ ಆರಂಭವಾಗುತ್ತದೆ. ನಮ್ಮ ವೇಣುವಿನಲ್ಲಿ ಎರಡು ರಂಧ್ರ ಮುಚ್ಚಿದರೆ ಷಡ್ಜ, ಒಂದು ಮುಚ್ಚಿದರೆ ಚತುಶ್ರುತಿ ರಿಷಭ. ಮಾಯಾಮಾಳವಗೌಳಕ್ಕೆ ಬೇಕಾದ ಶುದ್ಧ ರಿಷಭವೋ (ಹಿಂದೂಸ್ತಾನಿಯವರ ಕೋಮಲ ರಿಷಭ) ಇವೆರಡರ ನಡುವೆ, ಎರಡನೆಯ ರಂಧ್ರವನ್ನು ಅರ್ಧ ತೆರೆದಾಗ ಸಿಗುವಂಥದು. ಅಂದರೆ ಎಂಟು ಹತ್ತು ವರ್ಷದ ಮಗು ಮೊದಲ ಪಾಠದ ಎರಡನೆಯ ಸ್ವರದಲ್ಲಿಯೇ ಅರ್ಧ ರಂಧ್ರವನ್ನು ಎದುರಿಸುತ್ತದೆ. ಮಗು ತಡವರಿಸುತ್ತದೆ, ಆದರೆ ಅರ್ಧ ರಂಧ್ರ ಎಂಬುದು ಬೇರೆಯೇ ಆದ ಕಷ್ಟದ ಸಂಗತಿ ಎಂಬ ಅಂಜಿಕೆ ಅದರ ಮನಸ್ಸಿನಲ್ಲಿ ಬೇರೂರುವುದಿಲ್ಲ. ಬೆರಳೆಂದರೆ ತೆರೆಯುವ ಅಥವಾ ಮುಚ್ಚುವ ಬಾಗಿಲು ಎಂದು ಯಮನ್ ಮತ್ತು ಭೂಪಗಳಲ್ಲಿ ರೂಢಿಸಿಕೊಂಡ ದೊಡ್ಡವರಿಗೆ ಅದು ಬಂದೇ ಬರುತ್ತದೆ.

ನಮ್ಮಲ್ಲಿ ಗಮಕದ (ಸ್ವರವನ್ನು ತೂಗಿ ಅಲುಗಿಸುವುದರ) ಭಾರ ಹೆಚ್ಚಾದುದರಿಂದಲೂ ಬೆರಳಿನ ದೃಷ್ಟಿ ಬೇರೆ. ಕುಂಭಕೋಣದ ಶರಭ ಶಾಸ್ತ್ರಿಗಳು (1872–1904) ಕೊಳಲನ್ನು ಕಛೇರಿಯ ಪ್ರಧಾನ ವಾದ್ಯವಾಗಿ ನಿಲ್ಲಿಸಿದರು. ಅವರ ನಂತರ ಬಂದ ಟಿ. ಆರ್. ಮಹಾಲಿಂಗಂ (1926–1986), ಎಲ್ಲರೂ ಮಾಲಿ ಎಂದೇ ಕರೆಯುವವರು, ಬೆರಳುಗಳನ್ನು ಇಡುವ ರೀತಿಯನ್ನೇ ಬದಲಿಸಿ ಕಂಠದ ಗಮಕಗಳನ್ನು ಬಿದಿರಿನಲ್ಲಿ ಹೊರಡಿಸಿದರು. ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ ಜನಿಸಿದ ಶಶಾಂಕ್ ಸುಬ್ರಹ್ಮಣ್ಯಂ ಅವರ ವಾದನವನ್ನು ಗಮನವಿಟ್ಟು ಕೇಳಿದರೆ ಸ್ವರವೊಂದು ಅಚಲವಾಗಿ ನಿಲ್ಲುವ ಕ್ಷಣಗಳಿಗಿಂತ ಒಂದರಿಂದ ಇನ್ನೊಂದಕ್ಕೆ ಸಾಗುವ ಕ್ಷಣಗಳೇ ಹೆಚ್ಚೆಂಬುದು ತಿಳಿಯುತ್ತದೆ. ಆ ಸಾಗುವಿಕೆಯೆಲ್ಲ ಅಪೂರ್ಣವಾಗಿ ತೆರೆದ ರಂಧ್ರಗಳ ಕೆಲಸವೇ.

ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಇದು: ಬಿಲಾವಲ್ ಮುಗಿಯುವವರೆಗೆ ಕಾಯದೆ, ಈಗಲೇ ಪ್ರತಿದಿನ ಷಡ್ಜ ಮತ್ತು ಕೋಮಲ ರಿಷಭಗಳ ನಡುವೆ ಎಡಗೈಯ ಉಂಗುರ ಬೆರಳನ್ನು ನಿಧಾನವಾಗಿ ತೂಗಿ. ಅದು ಯಾವ ರಾಗವೂ ಆಗಬೇಕಿಲ್ಲ, ಪಾಠವೂ ಆಗಬೇಕಿಲ್ಲ. ಭೈರವ ಬರುವ ಹೊತ್ತಿಗೆ ಆ ಬೆರಳಿಗೆ ಮಣಿಯುವುದು ತಿಳಿದಿರುತ್ತದೆ.

ಉತ್ತರ: ಬಿದಿರಿನವನು, ಶಿರಸಿ

ನಾನು ಕೊಳಲು ಮಾಡುತ್ತೇನೆ, ಅಷ್ಟಿಷ್ಟು ನುಡಿಸುತ್ತೇನೆ. ರಾಗದ ವಿಷಯ ಹಿರಿಯರಿಗೆ ಬಿಟ್ಟು, ಮಧ್ಯಮದಿಂದ ಪಂಚಮಕ್ಕೆ ಹೋಗುವಾಗ ಕೀರಲು ಧ್ವನಿ ಏಕೆ ಬರುತ್ತದೆ ಎಂಬುದನ್ನು ವಾದ್ಯದ ಕಡೆಯಿಂದ ಹೇಳುತ್ತೇನೆ.

ಮಧ್ಯ ಸಪ್ತಕದ ಷಡ್ಜದಿಂದ ಮಧ್ಯಮದವರೆಗಿನ ಸ್ವರಗಳು ಕೊಳಲಿನ ಮೂಲ ನಾದಗಳು. ಮಧ್ಯ ಸಪ್ತಕದ ಪಂಚಮ ಹಾಗಲ್ಲ. ಅದು ಮಂದ್ರ, ಅಂದರೆ ಕೆಳಗಿನ ಸಪ್ತಕದ, ಪಂಚಮದ ಬೆರಳುಗಳನ್ನೇ ಇಟ್ಟುಕೊಂಡು, ಉಸಿರನ್ನು ಕಿರಿದಾಗಿಸಿ ಬಿರುಸಾಗಿ ಊದಿದಾಗ ಹೊರಡುವ, ಮೂಲದ ಇಮ್ಮಡಿ ಆವೃತ್ತಿಯ ನಾದ. ಹೀಗಾಗಿ ಮಧ್ಯಮದಿಂದ ಪಂಚಮಕ್ಕೆ ಹೋಗುವುದೆಂದರೆ ಒಂದೇ ಕ್ಷಣದಲ್ಲಿ ಎರಡು ಕೆಲಸಗಳು ಆಗಬೇಕು: ಬಹುಪಾಲು ತೆರೆದಿದ್ದ ಕೊಳವೆ ಪೂರ್ತಿಯಾಗಿ ಮುಚ್ಚಬೇಕು, ತುಟಿ ಮತ್ತು ಉಸಿರು ಮೇಲಿನ ನಾದಕ್ಕೆ ಹೊರಳಬೇಕು. ಬೆರಳು ಮೊದಲು ಮುಚ್ಚಿ ಉಸಿರು ಹಿಂದೆ ಉಳಿದರೆ ಮಂದ್ರ ಪಂಚಮ ಗುರುಗುಟ್ಟುತ್ತದೆ. ಉಸಿರು ಮುಂದೆ ಹೋಗಿ ಒಂದು ಬೆರಳು ತಡವಾದರೆ ನೀವು ಹೇಳುವ ಕೀರಲು ಕೇಳಿಸುತ್ತದೆ. ವಿದ್ಯಾರ್ಥಿಗಳು ಇದನ್ನು ಸಾಮಾನ್ಯವಾಗಿ ಬೆರಳಿನ ದೋಷವೆಂದೇ ತಿಳಿದು ಬೆರಳುಗಳನ್ನು ಜೋರಾಗಿ ಬಡಿಯತೊಡಗುತ್ತಾರೆ. ಅದರಿಂದ ಕೈ ಬಿಗಿಯುತ್ತದೆಯೇ ಹೊರತು ಬೇರೆ ಲಾಭವಿಲ್ಲ.

ಎರಡು ಉಪಾಯಗಳಿವೆ. ಗಂಧಾರ, ಮಧ್ಯಮಗಳನ್ನು ನುಡಿಸುವಾಗ, ಮುಂದೆ ಪಂಚಮ ಬರುವುದೆಂದು ಗೊತ್ತಿದ್ದರೆ, ಬಲಗೈಯ ಮೂರೂ ಬೆರಳುಗಳನ್ನು ಮುಂಚಿತವಾಗಿಯೇ ಮುಚ್ಚಿ ಇಟ್ಟುಬಿಡಿ. ಮೇಲಿನ ರಂಧ್ರಗಳು ತೆರೆದಿರುವಾಗ ಕೆಳಗಿನ ಮೂರನ್ನು ಮುಚ್ಚಿದರೂ ಶ್ರುತಿಯಲ್ಲಿ ಆಗುವ ವ್ಯತ್ಯಾಸ ಅಲ್ಪ. ಕಿವಿಯಿಂದ ಅದನ್ನು ಸರಿದೂಗಿಸಿಕೊಳ್ಳಬಹುದು. ಆಗ ಪಂಚಮಕ್ಕೆ ಎಡಗೈಯ ಬೆರಳುಗಳು ಮಾತ್ರ ಬಿದ್ದರೆ ಸಾಕು, ಜೊತೆಗೆ ಎಲ್ಲ ರಂಧ್ರ ತೆರೆದಾಗ ಕೊಳಲು ಕೈಯಲ್ಲಿ ತಿರುಗುವ ತೊಂದರೆಯೂ ತಪ್ಪುತ್ತದೆ. ಎರಡನೆಯ ಉಪಾಯ ಇನ್ನೂ ಸೂಕ್ಷ್ಮ. ಮಧ್ಯ ಸಪ್ತಕದ ಪಂಚಮಕ್ಕೆ ಮೊದಲ ರಂಧ್ರವನ್ನು ತೆರೆದೇ ಇಟ್ಟು ಉಳಿದ ಐದನ್ನು ಮುಚ್ಚಿ ನೋಡಿ. ಮೊದಲ ರಂಧ್ರ ಹೆಚ್ಚುಕಡಿಮೆ ಕೊಳವೆಯ ನಡುಭಾಗದಲ್ಲಿರುವುದರಿಂದ, ಅಲ್ಲಿ ಗಾಳಿಗೆ ದಾರಿ ಸಿಕ್ಕರೆ ಮೂಲ ನಾದ ತಲೆ ಎತ್ತಲಾರದೆ ಮೇಲಿನ ಪಂಚಮ ತಾನಾಗಿಯೇ ಸಲೀಸಾಗಿ ಹೊರಡುತ್ತದೆ. ಯುರೋಪಿನ ಹಳೆಯ ಆರು ರಂಧ್ರಗಳ ಮರದ ಕೊಳಲುಗಳಲ್ಲಿಯೂ ಇದೇ ಉಪಾಯ ಬಳಕೆಯಲ್ಲಿದೆ. ಆದರೆ ಇದನ್ನೇ ಊರುಗೋಲಾಗಿಸಿಕೊಳ್ಳಬಾರದು. ಆರೂ ಮುಚ್ಚಿದ ಪಂಚಮದ ತುಂಬುನಾದ ಇದಕ್ಕಿಲ್ಲ, ಎರಡನ್ನೂ ಅರಿತು ಸಂದರ್ಭ ನೋಡಿ ಬಳಸಬೇಕು.

ಇನ್ನೊಂದು ಮಾತು. ಬೆರಳನ್ನು ದೂರುವ ಮೊದಲು ಕೊಳಲನ್ನು ಪರೀಕ್ಷಿಸಿ. ಆರನ್ನೂ ಮುಚ್ಚಿ ಮಂದ್ರ ಪಂಚಮವನ್ನು ಮೆಲ್ಲನೆ ಊದಿದಾಗ ತುಂಬು ನಾದ ಬಾರದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಒಂದನೆಯ ರಂಧ್ರದಿಂದ ಆರಂಭಿಸಿ ಒಂದೊಂದಾಗಿ ಮುಚ್ಚುತ್ತಾ ಊದಿದರೆ ಯಾವ ಬೆರಳಿನಲ್ಲಿ ನಾದ ಸೊರಗುತ್ತದೆಂದು ತಿಳಿಯುತ್ತದೆ. ಎಲ್ಲ ಬೆರಳುಗಳೂ ಸರಿಯಾಗಿದ್ದು ನಾದ ಮಾತ್ರ ಸೊರಗಿದ್ದರೆ ಬಿದಿರಿನಲ್ಲಿ ಸಣ್ಣ ಸೀಳು ಇದೆಯೇ ಎಂದು ನೋಡಬೇಕು; ಕೊಳಲಿಗೆ ಅಲ್ಲಲ್ಲಿ ದಾರ ಸುತ್ತಿರುವುದು ಅಲಂಕಾರಕ್ಕಲ್ಲ, ಸೀಳು ಹರಡದಂತೆ ತಡೆಯುವುದಕ್ಕೆ. ಹಾಗೆಯೇ ಚಳಿಗಾಲದ ಬೆಳಗಿನಲ್ಲಿ ಕೊಳಲು ಶ್ರುತಿಗಿಂತ ಇಳಿದಿರುವುದು, ಮಧ್ಯಾಹ್ನಕ್ಕೆ ಏರುವುದು ಸಹಜ. ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು, ಕೊಳವೆಯ ಉದ್ದ ಮಾತ್ರ ಅಷ್ಟೇ. ಸ್ವಲ್ಪ ಹೊತ್ತು ಊದಿ ಕೊಳಲು ಬೆಚ್ಚಗಾದ ಮೇಲೆಯೇ ಅರ್ಧ ರಂಧ್ರದ ಅಭ್ಯಾಸಕ್ಕೆ ಕೂಡಿ, ಇಲ್ಲವಾದರೆ ನಿನ್ನೆ ಹಿಡಿದ ಜಾಗ ಇಂದು ಸುಳ್ಳಾಗುತ್ತದೆ.

ಕಲಿಕಾರ್ಥಿ, ಹುಬ್ಬಳ್ಳಿ

ಮೂವರಿಗೂ ಧನ್ಯವಾದಗಳು. ಬಿದಿರಿನವರು ಹೇಳಿದಂತೆ ಪರೀಕ್ಷಿಸಿದಾಗ ಬಲಗೈಯ ಉಂಗುರ ಬೆರಳಿನಲ್ಲಿಯೇ ನಾದ ಸೊರಗುತ್ತಿರುವುದು ತಿಳಿಯಿತು. ಆರನೆಯ ರಂಧ್ರವನ್ನು ಬೆರಳಿನ ತುದಿಯಿಂದ ಮುಚ್ಚುತ್ತಿದ್ದೆ. ಮಧ್ಯಮದ ತಂಬೂರಿಯ ಮೇಲೆ ಅಲುಗಾಟ ನಿಲ್ಲುವ ಬಿಂದುವನ್ನೂ ಕೇಳಿದೆ, ಅದು ನಾನು ಅಂದುಕೊಂಡಿದ್ದ ಜಾಗಕ್ಕಿಂತ ಬಹಳಷ್ಟು ಕೆಳಗೇ ಇತ್ತು. ಉದ್ದದ ಕೊಳಲಿನ ಬಗ್ಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ. ಹಾಗೆಯೇ ಮೀಂಡ್ ಅನ್ನು (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು) ಯಾವಾಗ ಆರಂಭಿಸಬಹುದು, ತಾರ ಸಪ್ತಕದ ಪಂಚಮಕ್ಕೆ ಬೆರಳು ಯಾವುದು ಎಂಬುದನ್ನೂ ತಿಳಿಸುವಿರಾ?

ಉತ್ತರ: ಮಂದ್ರಪಂಚಮ, ಧಾರವಾಡ

ವೇಣುಪ್ರಿಯ ಅವರ ಆಕ್ಷೇಪದಲ್ಲಿ ಸತ್ಯಾಂಶವಿದೆ. ಉಂಗುರ ಬೆರಳನ್ನು ಮೊದಲಿನಿಂದಲೇ ತೂಗಿಸುವುದರಿಂದ ಹಾನಿಯೇನೂ ಇಲ್ಲ, ಲಾಭವೇ ಇದೆ. ನನ್ನ ಏಣಿ ರಾಗಗಳ ಕ್ರಮಕ್ಕೆ ಸಂಬಂಧಿಸಿದ್ದು, ಬೆರಳಿನ ವ್ಯಾಯಾಮವನ್ನು ಅದು ತಡೆಯಬೇಕಿಲ್ಲ. ಆದರೆ ವರ್ಷಗಟ್ಟಲೆ ಪ್ರತಿದಿನ ಗುರುಗಳ ಎದುರು ಕೂರುವ ಮಗುವಿನ ಸ್ಥಿತಿ ಬೇರೆ, ತಿಂಗಳಿಗೊಮ್ಮೆ ಪಾಠ ಪಡೆಯುವ ಗೃಹಸ್ಥರ ಸ್ಥಿತಿ ಬೇರೆ. ತಿದ್ದುವವರು ಹತ್ತಿರವಿಲ್ಲದಾಗ ತಪ್ಪು ಶ್ರುತಿಯಲ್ಲಿ ಹಿಡಿದ ಕೋಮಲ ರಿಷಭ ಕೈಯಲ್ಲಿ ಹಾಗೆಯೇ ಗಟ್ಟಿಯಾಗುವ ಅಪಾಯವಿದೆ. ಆದ್ದರಿಂದ ಆ ಅಭ್ಯಾಸವನ್ನೂ ತಂಬೂರಿಯ ಜೊತೆಯಲ್ಲಿಯೇ ಮಾಡಬೇಕು.

ಬೆರಳಿನ ತುದಿಯಿಂದ ಮುಚ್ಚುವ ರೂಢಿ ಗಿಡ್ಡ ಕೊಳಲಿನಲ್ಲಿ ಹೇಗೋ ನಡೆಯುತ್ತದೆ, ಉದ್ದದ ಕೊಳಲಿನಲ್ಲಿ ನಡೆಯುವುದೇ ಇಲ್ಲ. ನಿಮ್ಮ ಜಿ ಕೊಳಲಿನ ಉದ್ದ ಸುಮಾರು ಎರಡು ಅಡಿ ಇದ್ದೀತು. ಇ ಶ್ರುತಿಯದು 29–30 ಇಂಚಿನ ಆಸುಪಾಸಿನಲ್ಲಿರುತ್ತದೆ. ರಂಧ್ರಗಳೂ ದೊಡ್ಡವು, ಅವುಗಳ ನಡುವಿನ ಅಂತರವೂ ಹೆಚ್ಚು. ಅಲ್ಲಿ ಬೆರಳುಗಳನ್ನು ನೇರವಾಗಿ, ಚಪ್ಪಟೆಯಾಗಿ ಇಟ್ಟು, ತುದಿಗಿಂತ ಹಿಂದಿನ ಮೆತ್ತನೆಯ ಭಾಗದಿಂದ ಮುಚ್ಚಬೇಕು, ಕೆಲವು ಬೆರಳುಗಳಲ್ಲಿ ಎರಡನೆಯ ಗೆಣ್ಣಿನ ಭಾಗವೇ ರಂಧ್ರದ ಮೇಲೆ ಬರುತ್ತದೆ. ಬೆರಳು ಗಿಡ್ಡವೆಂಬುದು ಹಿಂಜರಿಯಲು ಕಾರಣವಲ್ಲ. ಮಣಿಕಟ್ಟನ್ನು ಬಾಗಿಸದೆ ಅಂಗೈಯನ್ನು ಕೊಳಲಿಗೆ ಹತ್ತಿರ ತಂದುಕೊಂಡರೆ ಸಾಧಾರಣ ಕೈಯೂ ತಲುಪುತ್ತದೆ. ಈ ಹಿಡಿತವನ್ನು ನಿಮ್ಮ ಜಿ ಕೊಳಲಿನ ಮೇಲೆಯೇ ಈಗಿನಿಂದ ರೂಢಿಸಿಕೊಳ್ಳಿ. ಚಪ್ಪಟೆ ಬೆರಳುಗಳಿಂದ ಮಂದ್ರ ಪಂಚಮ ನೋವಿಲ್ಲದೆ ತುಂಬಿ ಬರುವುದು ಮತ್ತು ಶುದ್ಧ ಮಧ್ಯಮ ನಿಲ್ಲುವುದು, ಇವೆರಡೂ ಆದ ಮೇಲೆ ಕೊಳಲು ಬದಲಿಸಬಹುದು. ಬೇಕಿದ್ದರೆ ನಡುವೆ ಎಫ್ ಶ್ರುತಿಯದೊಂದನ್ನು ಕೆಲಕಾಲ ಬಳಸಿ. ಮುಂಗೈಯಲ್ಲಿ ಅಥವಾ ಹೆಬ್ಬೆರಳಿನ ಬುಡದಲ್ಲಿ ನೋವು ಕಾಣಿಸಿದರೆ ಆ ದಿನದ ರಿಯಾಜ್ ಅಲ್ಲಿಗೇ ನಿಲ್ಲಿಸಬೇಕು. ನೋವು ಸಹಿಸಿಕೊಂಡು ನುಡಿಸುವುದು ಸಾಧನೆಯೆಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಉದ್ದದ ಕೊಳಲಿನ ಪ್ರಸ್ತಾಪ ಬಂದುದರಿಂದ ಪನ್ನಾಲಾಲ್ ಘೋಷ್ (1911–1960) ಅವರನ್ನು ನೆನೆಯದೆ ಇರಲಾಗದು. ಖಯಾಲ್ ಗಾಯನದ ಗಾಂಭೀರ್ಯವನ್ನು ಬಿದಿರಿನಲ್ಲಿ ತರಲು ಅವರು ಸುಮಾರು 32 ಇಂಚಿನ ಕೊಳಲನ್ನು ರೂಪಿಸಿಕೊಂಡರು. ಮಂದ್ರ ಪಂಚಮಕ್ಕಿಂತ ಕೆಳಗೆ, ಮಂದ್ರದ ತೀವ್ರ ಮಧ್ಯಮವನ್ನೂ ಮುಟ್ಟಬೇಕೆಂದು ಬಲಗೈಯ ಕಿರುಬೆರಳಿಗಾಗಿ ಏಳನೆಯ ರಂಧ್ರವನ್ನು ಸೇರಿಸಿದರು. ಅವರ ಶಿಷ್ಯರೂ ಅಳಿಯರೂ ಆದ ದೇವೇಂದ್ರ ಮುರ್ಡೇಶ್ವರ ಅವರ ಮೂಲಕ ಆ ಪದ್ಧತಿ ಮುಂದುವರಿಯಿತು. ನಮ್ಮ ಭಾಗದಲ್ಲಿ ಬಾನ್ಸುರಿಗೆ ಕೇಳುಗರು ಬೆಳೆದುದರಲ್ಲಿ ವೆಂಕಟೇಶ ಗೋಡ್ಖಿಂಡಿ, ಅನಂತರ ಅವರ ಪುತ್ರ ಪ್ರವೀಣ ಗೋಡ್ಖಿಂಡಿ ಅವರ ಪಾತ್ರ ದೊಡ್ಡದು. ಹಿಡಿತ ಬದಲಿಸಲು ತಡವಾಯಿತೆಂದು ಚಿಂತಿಸುವವರಿಗೆ ಹೇಳಬೇಕಾದ ಸಂಗತಿಯೊಂದಿದೆ: ಹರಿಪ್ರಸಾದ್ ಚೌರಾಸಿಯಾ ಅವರು ಆಗಲೇ ಹೆಸರು ಮಾಡಿದ್ದ ಕಾಲದಲ್ಲಿ ಸುರಬಹಾರ್ ವಾದಕಿ ಅನ್ನಪೂರ್ಣಾ ದೇವಿಯವರ ಬಳಿ ಕಲಿಯಲು ಹೋದಾಗ, ಹೊಸದಾಗಿ ಆರಂಭಿಸುವ ನಿಶ್ಚಯ ತೋರಲೆಂದು, ಬಲಕ್ಕೆ ಹಿಡಿಯುತ್ತಿದ್ದ ಕೊಳಲನ್ನು ಎಡಕ್ಕೆ ಹಿಡಿದು ನುಡಿಸಲಾರಂಭಿಸಿದರು. ಇಂದಿಗೂ ಅವರ ಕೊಳಲು ಎಡಕ್ಕೇ ಚಾಚಿರುವುದನ್ನು ನೀವು ನೋಡಿರಬಹುದು.

ಮೀಂಡ್ ಅನ್ನು ಪ್ರತ್ಯೇಕ ಹಂತವೆಂದು ಭಾವಿಸಬೇಡಿ. ಗಂಧಾರದಿಂದ ಮಧ್ಯಮಕ್ಕೆ ತೋರುಬೆರಳನ್ನು ನಿಧಾನವಾಗಿ ಹೊರಳಿಸುತ್ತಿದ್ದೀರಲ್ಲ, ಅದೇ ಮೀಂಡ್. ಮುಂದಿನ ಹೆಜ್ಜೆಯಾಗಿ ಷಡ್ಜದಿಂದ ಗಂಧಾರಕ್ಕೆ ಎರಡು ರಂಧ್ರಗಳನ್ನು ದಾಟುವುದನ್ನು ಪ್ರಯತ್ನಿಸಿ. ಇಲ್ಲಿ ಗುಟ್ಟೆಂದರೆ ಉಂಗುರ ಬೆರಳು ತನ್ನ ರಂಧ್ರವನ್ನು ಪೂರ್ತಿ ತೆರೆಯುವ ಮೊದಲೇ ಮಧ್ಯದ ಬೆರಳು ಹೊರಳಲು ಆರಂಭಿಸಬೇಕು. ಒಂದು ಮುಗಿದ ಮೇಲೆ ಇನ್ನೊಂದು ಎಂದು ಮಾಡಿದರೆ ರಿಷಭದಲ್ಲಿ ಮೆಟ್ಟಿಲು ಕೇಳಿಸುತ್ತದೆ. ಇಳಿಯುವ ಮೀಂಡ್ ಏರುವುದಕ್ಕಿಂತ ಕಠಿಣ, ಏಕೆಂದರೆ ಬೆರಳಿಗೆ ಮುಚ್ಚುವ ಆತುರ ಇದ್ದೇ ಇರುತ್ತದೆ. ಮಧ್ಯಮದಿಂದ ಪಂಚಮಕ್ಕೆ ಮಾತ್ರ ಕಂಠದಂತೆ ಅಖಂಡವಾದ ಮೀಂಡ್ ಅನ್ನು ಬೆರಳಿನಿಂದ ಎಳೆಯಲಾಗದು, ಆ ಕಾರಣವನ್ನು ಬಿದಿರಿನವರು ವಿವರಿಸಿದ್ದಾರೆ. ನುರಿತ ವಾದಕರು ಮಧ್ಯಮವನ್ನು ತೀವ್ರದತ್ತ ಏರಿಸುತ್ತಾ ಉಸಿರನ್ನು ತೆಳುವಾಗಿಸಿ, ಆ ತೆಳುವಿನಲ್ಲಿಯೇ ಪಂಚಮಕ್ಕೆ ಹೊರಳಿ, ಬಿರುಕು ಕೇಳಿಸದಂತೆ ಮಾಡುತ್ತಾರೆ. ಇದಕ್ಕೆ ಬಿಹಾಗ ಒಳ್ಳೆಯ ಪರೀಕ್ಷೆ, ಅಲ್ಲಿ ಎರಡೂ ಮಧ್ಯಮಗಳು ಪಂಚಮದ ನೆರೆಯಲ್ಲಿಯೇ ಬರುತ್ತವೆ.

ಒಂದೇ ಸ್ವರವನ್ನು ಮರಳಿ ನುಡಿಸುವಾಗ ಆರಂಭದಲ್ಲಿ ಎಲ್ಲರೂ ನಾಲಿಗೆ ಬಳಸುತ್ತಾರೆ. ಗಾಯಕಿ ಅಂಗದಲ್ಲಿ, ಅಂದರೆ ಹಾಡುವ ಶೈಲಿಯಲ್ಲಿ, ನುಡಿಸಬೇಕೆಂದಿದ್ದರೆ ಅದನ್ನು ಕ್ರಮೇಣ ಕಡಿಮೆ ಮಾಡಿ, ಕೆಳಗಿನ ಒಂದು ಬೆರಳನ್ನು ಕ್ಷಣಮಾತ್ರ ತಟ್ಟಿ ಸ್ವರಗಳನ್ನು ಬೇರ್ಪಡಿಸುವುದನ್ನು ಕಲಿಯಿರಿ. ತಾನುಗಳ (ಬಿರುಸಿನ ಸ್ವರಸರಣಿಗಳ) ವೇಗಕ್ಕೆ ಬೇಕಾದದ್ದು ಬಲವಲ್ಲ, ಬೆರಳು ರಂಧ್ರದಿಂದ ದೂರ ಹೋಗದಿರುವುದು. ಮುರ್ಕಿ, ಖಟ್ಕಾ ಎಂಬ ವೇಗದ ಅಲಂಕಾರಗಳ ಮಾತು ಆಮೇಲೆ.

ಮಾಲಕೌಂಸವನ್ನು ನಾನು ಬೆರಳಿನ ತಯಾರಿಯ ನಿಜವಾದ ಪರೀಕ್ಷೆಯೆಂದು ಎಣಿಸುತ್ತೇನೆ. ಕೋಮಲ ಗಂಧಾರ, ಶುದ್ಧ ಮಧ್ಯಮ, ಕೋಮಲ ಧೈವತ, ಕೋಮಲ ನಿಷಾದ ಈ ನಾಲ್ಕೂ ಅರ್ಧ ರಂಧ್ರದವು. ಪೂರ್ತಿ ತೆರೆದು ಮುಚ್ಚುವ ಸ್ವರ ಷಡ್ಜವೊಂದೇ. ಅದನ್ನು ವಿಲಂಬಿತ ಲಯದಲ್ಲಿ ಶ್ರುತಿ ತಪ್ಪದೆ ನುಡಿಸುವವರ ಕೈಯ ಬಗ್ಗೆ ಬೇರೆ ಪ್ರಮಾಣಪತ್ರ ಬೇಕಿಲ್ಲ. ನಿಮಗೆ ಅದಕ್ಕಿನ್ನೂ ಸಮಯವಿದೆ.

ತಾರ ಸಪ್ತಕದಲ್ಲಿ ಷಡ್ಜದಿಂದ ಮಧ್ಯಮದವರೆಗೆ ಮಧ್ಯ ಸಪ್ತಕದ ಬೆರಳುಗಳೇ ಸಾಕು, ಊದುವಿಕೆ ಮಾತ್ರ ಬೇರೆ. ತಾರ ಪಂಚಮಕ್ಕೆ ಮೊದಲ ರಂಧ್ರವನ್ನು ತೆರೆದು ಎರಡು ಮತ್ತು ಮೂರನೆಯದನ್ನು ಮುಚ್ಚುವ ಕ್ರಮ ಅನೇಕ ಕೊಳಲುಗಳಲ್ಲಿ ಸರಿಹೊಂದುತ್ತದೆ. ಷಡ್ಜದ ಬೆರಳಿನ ಮೇಲೆ ಮೊದಲನೆಯದನ್ನಷ್ಟೇ ಎತ್ತಿದರಾಯಿತು ಎಂದು ನೆನಪಿಟ್ಟುಕೊಳ್ಳಿ. ಕೆಲವು ಕೊಳಲುಗಳಲ್ಲಿ ಅದು ಕೊಂಚ ಏರುತ್ತದೆ, ಆಗ ಬಲಗೈಯ ಒಂದೆರಡು ಬೆರಳುಗಳನ್ನು ಸೇರಿಸಿ ಮುಚ್ಚಿ ನೋಡಬೇಕಾಗುತ್ತದೆ. ಮುಂದಿನ ಪಾಠಕ್ಕೆ ಹೋದಾಗ ಎರಡೂ ವಿಧಗಳನ್ನು ಗುರುಗಳ ಎದುರು ನುಡಿಸಿ, ನಿಮ್ಮ ಕೊಳಲಿಗೆ ಒಗ್ಗುವುದು ಯಾವುದೆಂದು ಅವರಿಂದಲೇ ನಿಶ್ಚಯಿಸಿಕೊಳ್ಳಿ.